ಫಲಿತಾಂಶಕ್ಕೆ ಕಾಯುವಾಗ ಚೂರುಪಾರು ಓದಿದರೆ ತಪ್ಪೇನು?

ಪ್ರಶ್ನೆ: ಒಂದು ದೊಡ್ಡ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದೇನೆ. ಯಾವಾಗ ಬರುತ್ತದೆ ಅಂತ ಯಾರೂ ಖಚಿತವಾಗಿ ಹೇಳುತ್ತಿಲ್ಲ. ಮೊದಲೆಲ್ಲ ಕಾದಂಬರಿ ಹಿಡಿದರೆ ಮುಗಿಸಿಯೇ ಏಳುತ್ತಿದ್ದವಳು ನಾನು. ಈಗ ಹತ್ತು ಪುಟ ದಾಟುವುದಿಲ್ಲ. ಬದಲಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ಹಳೇ ಪತ್ರಿಕೆ, ವಿಶ್ವಕೋಶದ ಒಂದು ಪುಟ, ಯಾರದೋ ಪತ್ರ, ನಾಲ್ಕು ಸಾಲಿನ ಪದ್ಯ. ಇಷ್ಟವಾದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಜೊತೆಗೆ ಆ ದಿನ ಕಂಡದ್ದು, ಹೊಳೆದದ್ದು ಒಂದೆರಡು ಸಾಲು. ನಿನ್ನೆ ಬರೆದದ್ದು ಇದು: 'ಶುಕ್ರ ಗ್ರಹದಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ಉದ್ದ. ನನ್ನದೂ ಹಾಗೇ ಆಗಿದೆ.' ಮನೆಯಲ್ಲಿ 'ಇದೆಲ್ಲ ಟೈಮ್ ವೇಸ್ಟ್, ಮುಂದಿನ ಪರೀಕ್ಷೆಗಾದರೂ ಓದು' ಅಂತಾರೆ. ನನ್ನ ಗಮನವೇ ಕೆಟ್ಟುಹೋಯಿತಾ? ಇದು ಓದು ಅನ್ನಿಸಿಕೊಳ್ಳುತ್ತದಾ? ಮಾಡುವುದಾದರೆ ಸರಿಯಾಗಿ ಮಾಡುವುದು ಹೇಗೆ?

ಉತ್ತರ: ನಿಮ್ಮ ಗಮನ ಕೆಟ್ಟಿಲ್ಲ. ಅದಕ್ಕೆ ಬೇರೆ ಕೆಲಸ ಬಿದ್ದಿದೆ, ಅಷ್ಟೇ. ಮುಗಿಯದೆ ಉಳಿದ ವಿಷಯ ಒಂದಿದ್ದರೆ ಮನಸ್ಸು ಆಗಾಗ ಅದರ ಹತ್ತಿರ ಹೋಗಿ ನೋಡಿಕೊಂಡು ಬರುತ್ತದೆ. ನಿಮ್ಮ ಅಪ್ಪಣೆ ಅದಕ್ಕೆ ಬೇಕಿಲ್ಲ. ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ಬಾಕಿ ಉಳಿದ ಒಂದು ಕೆಲಸವನ್ನು ಜನರಿಗೆ ನೆನಪಿಸಿ, ಆಮೇಲೆ ಅವರ ಕೈಗೆ ಓದಲು ಕೊಟ್ಟರು. ಓದುವಾಗ ಆ ಕೆಲಸದ ಯೋಚನೆ ನಡುನಡುವೆ ನುಗ್ಗಿ ಬರುತ್ತಿತ್ತು. ಆದರೆ ಆ ಕೆಲಸವನ್ನು ಹೇಗೆ ಮಾಡುತ್ತೇವೆ ಎಂದು ಮೊದಲೇ ಯೋಜನೆ ಹಾಕಿಕೊಂಡವರಿಗೆ ಈ ಕಾಟ ಇರಲಿಲ್ಲ. ಕೆಲಸ ಇನ್ನೂ ಹಾಗೇ ಬಾಕಿ ಇತ್ತು. ಯೋಜನೆ ಒಂದಿದ್ದರೆ ಮನಸ್ಸಿಗೆ ಸಾಕಾಗಿತ್ತು.

ಪರೀಕ್ಷೆ ಬರೆದಾದ ಮೇಲೆ ಯೋಜನೆ ಹಾಕಲು ಏನಿದೆ ಅಂತ ಕೇಳಬಹುದು. ಸ್ವಲ್ಪ ಇದೆ. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆಯಿರಿ. ಪಾಸಾದರೆ ಮೊದಲ ವಾರ ಏನು ಮಾಡುತ್ತೀರಿ, ಆಗದಿದ್ದರೆ ಮೊದಲ ವಾರ ಏನು ಮಾಡುತ್ತೀರಿ, ಎರಡನ್ನೂ ಬರೆಯಿರಿ. ಮೊದಲು ಯಾರಿಗೆ ಫೋನ್ ಮಾಡುತ್ತೀರಿ, ಯಾವ ಅರ್ಜಿ ಹಾಕುತ್ತೀರಿ ಅನ್ನುವಷ್ಟು ಸಣ್ಣ ವಿವರ ಇರಲಿ. 'ಧೈರ್ಯವಾಗಿರುತ್ತೇನೆ' ಅಂತ ಬರೆದರೆ ಅದು ಯೋಜನೆ ಆಗುವುದಿಲ್ಲ. ಫಲಿತಾಂಶ ಬಂತಾ ಅಂತ ದಿನಕ್ಕೆ ಒಂದೇ ಸಲ, ಇಂಥ ಹೊತ್ತಿಗೆ ನೋಡುತ್ತೇನೆ ಎಂದೂ ಅಲ್ಲೇ ಬರೆಯಿರಿ. ಇಷ್ಟಾದ ಮೇಲೆ ಆ ಪುಟವನ್ನು ಮತ್ತೆ ಮತ್ತೆ ತಿದ್ದುತ್ತ ಕೂರಬೇಡಿ.

ಕಾದಂಬರಿಯ ವಿಷಯಕ್ಕೆ ಬರುತ್ತೇನೆ. ದಪ್ಪ ಕಾದಂಬರಿ ಓದಬೇಕಾದರೆ ಹತ್ತಾರು ಪಾತ್ರ, ಅವರ ಸಂಬಂಧ, ಹಿಂದಿನ ಅಧ್ಯಾಯದ ಜಗಳ ಎಲ್ಲವನ್ನೂ ದಿನಗಟ್ಟಲೆ ತಲೆಯಲ್ಲಿ ಹೊತ್ತುಕೊಂಡಿರಬೇಕು. ಆ ಜಾಗದಲ್ಲಿ ಈಗ ನಿಮ್ಮ ಫಲಿತಾಂಶ ಕೂತಿದೆ. ನಾಲ್ಕು ಸಾಲಿನ ಪದ್ಯಕ್ಕೆ, ಒಂದು ವಚನಕ್ಕೆ, ತ್ರಿಪದಿಗೆ ಅಷ್ಟೆಲ್ಲ ಜಾಗ ಬೇಡ. ಪೂರ್ತಿ ಓದಿ ಮುಗಿಸಿದ ಸಮಾಧಾನವೂ ಎರಡೇ ನಿಮಿಷದಲ್ಲಿ ಸಿಗುತ್ತದೆ. ಸಮಾಲೋಚನೆಗೆ ಬರುವವರಲ್ಲಿ ಎಷ್ಟೋ ಜನ 'ನನಗೆ ಈಗ ಓದೋದಕ್ಕೇ ಆಗ್ತಿಲ್ಲ' ಅಂತಾರೆ. ವಿಚಾರಿಸಿದರೆ ದಿನಕ್ಕೆ ಮೂವತ್ತು ಪುಟ ಓದಿರುತ್ತಾರೆ. ಬೇರೆ ಬೇರೆ ಕಡೆಯ ಪುಟಗಳಾದ್ದರಿಂದ ಲೆಕ್ಕಕ್ಕೆ ಹಿಡಿದಿರುವುದಿಲ್ಲ. ಹಿಡಿಯಿರಿ.

ಆದರೆ ಚೂರುಪಾರು ಓದಿನಲ್ಲೂ ಎರಡು ತರ ಇದೆ. ಒಂದು ಸುಮ್ನೆ ಅಲೆಯುವ ಓದು. ಇನ್ನೊಂದು ಸುತ್ತುವ ಓದು. ಕಳೆದ ವರ್ಷ ಕಟ್-ಆಫ್ ಎಷ್ಟು ಅಂಕಕ್ಕೆ ನಿಂತಿತ್ತು, ಈ ಸಲ ಎಷ್ಟಕ್ಕೆ ನಿಲ್ಲಬಹುದು, ಯಾರೋ ಒಬ್ಬರು ಹಾಕಿದ ಅಂದಾಜು, ಅದಕ್ಕೆ ಇನ್ನೊಬ್ಬರು ಕೊಟ್ಟ ಉತ್ತರ. ಇದೂ ಓದಿನ ಹಾಗೇ ಕಾಣುತ್ತದೆ. ಕೂತಲ್ಲೇ ಎರಡು ಗಂಟೆ ಹೋಗಿರುತ್ತದೆ, ಎದ್ದಾಗ ಎದೆ ಬಡಿತ ಮಾತ್ರ ಜಾಸ್ತಿ ಆಗಿರುತ್ತದೆ. ನಾನು ಹೇಳಿಕೊಡುವ ಪರೀಕ್ಷೆ ಸುಲಭದ್ದು. ಓದಿ ಎದ್ದ ಮೇಲೆ ನೋಟ್‌ಬುಕ್ಕಿಗೆ ಹಾಕುವಂಥ ಒಂದು ಸಾಲಾದರೂ ಸಿಕ್ಕಿತಾ? ಸುತ್ತುವ ಓದಿನಲ್ಲಿ ಏನೂ ಸಿಗುವುದಿಲ್ಲ. ನಾಳೆ ಮತ್ತೆ ಅದನ್ನೇ ಓದುತ್ತೀರಿ.

ಇನ್ನು ಮುಖ್ಯವಾದ ಮಾತು. ಈ ನೋಟ್‌ಬುಕ್ ನಿಮ್ಮ ಆತಂಕವನ್ನು ಓಡಿಸುತ್ತದೆ ಎಂದು ಇಟ್ಟುಕೊಂಡಿದ್ದರೆ ಆ ಆಸೆ ಬಿಟ್ಟುಬಿಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನಲ್ಲಿ ಕೇಟ್ ಸ್ವೀನಿ ಎಂಬ ಮನಶ್ಶಾಸ್ತ್ರಜ್ಞೆ ಇದ್ದಾರೆ. ಜನ ಸುದ್ದಿಗೆ ಹೇಗೆ ಕಾಯುತ್ತಾರೆ ಎಂಬುದೇ ಅವರ ಸಂಶೋಧನೆ. ಅಲ್ಲಿ ಕಾನೂನು ಓದಿದವರು ವಕೀಲಿ ಪರೀಕ್ಷೆ ಬರೆದು ಫಲಿತಾಂಶಕ್ಕೆ ನಾಲ್ಕು ತಿಂಗಳು ಕಾಯುತ್ತಿದ್ದರು. ಅಂಥ 200ಕ್ಕೂ ಹೆಚ್ಚು ಜನರನ್ನು ಸ್ವೀನಿ ಮತ್ತು ಅವರ ಜೊತೆಯವರು ಆ ಅವಧಿಯುದ್ದಕ್ಕೂ ಹಿಂಬಾಲಿಸಿ, 2016ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಕಾಯುವವರು ಮಾಡದ ಉಪಾಯ ಇರಲಿಲ್ಲ. ಗಮನ ಬೇರೆಡೆ ತಿರುಗಿಸಿದರು, ಕೆಟ್ಟದ್ದಕ್ಕೇ ಮನಸ್ಸು ಗಟ್ಟಿ ಮಾಡಿಕೊಂಡರು, ಭಾವನೆಗಳನ್ನು ಅದುಮಿಟ್ಟರು. ಇವು ಯಾವುದರಿಂದಲೂ ಸಂಕಟ ಅಷ್ಟಾಗಿ ಕಡಿಮೆ ಆಗಲಿಲ್ಲ. ತಮಾಷೆ ಎಂದರೆ, ಜಾಸ್ತಿ ಒದ್ದಾಡಿದವರೇ ಕೊನೆಗೆ ಸುದ್ದಿಯನ್ನು ಚೆನ್ನಾಗಿ ತೆಗೆದುಕೊಂಡರು. ಫೇಲಾದಾಗ ಬೇಗ ಮುಂದಿನ ಕೆಲಸಕ್ಕೆ ಇಳಿದರು, ಪಾಸಾದಾಗ ಹೆಚ್ಚು ಖುಷಿಪಟ್ಟರು. ಕಾಯುವಾಗ ಆರಾಮಾಗಿದ್ದವರಿಗೆ ಕೆಟ್ಟ ಸುದ್ದಿ ಬಂದಾಗ ಪೆಟ್ಟು ಜೋರಾಗಿತ್ತು. ಕಾಯುವ ಕಾಲದ ಆತಂಕ ಶುರುವಿನಲ್ಲಿ ಹೆಚ್ಚು, ನಡುವೆ ಇಳಿಯುತ್ತದೆ, ದಿನ ಹತ್ತಿರ ಬಂದಂತೆ ಮತ್ತೆ ಏರುತ್ತದೆ. ಹಾಗಾಗಿ ಕೊನೆಯ ವಾರ ನಿಮಗೆ ನಾಲ್ಕು ಸಾಲಿನ ಪದ್ಯವೂ ಓದಲು ಆಗದಿದ್ದರೆ ನೋಟ್‌ಬುಕ್ಕನ್ನು ಬೈಯಬೇಡಿ.

ಹಾಗಾದರೆ ಏನೂ ಉಪಯೋಗಕ್ಕೆ ಬರುವುದಿಲ್ಲವಾ? ಒಂದು ಬರುತ್ತದೆ. ಮೈಮರೆತು ಮುಳುಗುವ ಕೆಲಸ. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡಿದರು. ಇಂಗ್ಲಿಷಿನಲ್ಲಿ ಇದಕ್ಕೆ 'ಫ್ಲೋ' ಅಂತಾರೆ. ಕೆಲಸ ತೀರಾ ಸುಲಭವಾದರೆ ಮನಸ್ಸು ಜಾರಿಹೋಗುತ್ತದೆ, ತೀರಾ ಕಷ್ಟವಾದರೆ ಹೆದರುತ್ತದೆ. ನಡುವೆ ಎಲ್ಲೋ ಒಂದು ಕಡೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಸ್ವೀನಿ ಅವರ ತಂಡವೇ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯುವ ದಿನಗಳಲ್ಲಿ ಹೀಗೆ ಮುಳುಗುವ ಕೆಲಸ ಸಿಕ್ಕವರು ಉಳಿದವರಿಗಿಂತ ಹಗುರವಾಗಿದ್ದರು. ಇದನ್ನು ನಿಮ್ಮ ನೋಟ್‌ಬುಕ್ಕಿಗೆ ಹಚ್ಚಿ ನೋಡಿ. ಒಂದು ಸಾಲು ಓದಿ, ನಕಲು ಮಾಡಿ, ಮುಂದಕ್ಕೆ ಹೋದರೆ ಅದು ಸುಲಭದ ಕೆಲಸ, ಮುಳುಗುವುದಕ್ಕೆ ಸಾಲದು. ಸಿಕ್ಕ ಸಾಲಿನ ಬಾಲ ಹಿಡಿದು ಹೊರಡಬೇಕು.

ನಿಮ್ಮ ಶುಕ್ರನ ಸಾಲನ್ನೇ ತೆಗೆದುಕೊಳ್ಳಿ. ಚೆಂದದ ಸಾಲು, ಆದರೆ ಅದರಲ್ಲಿ ಒಂದು ಗಂಟು ಇದೆ. ಶುಕ್ರ ಸೂರ್ಯನ ಸುತ್ತ ಒಂದು ಸುತ್ತು ಬರಲು ನಮ್ಮ ಲೆಕ್ಕದಲ್ಲಿ ಸುಮಾರು 225 ದಿನ ಬೇಕು. ತನ್ನ ಸುತ್ತ ತಾನು ಒಂದು ಸುತ್ತು ತಿರುಗಲು ಸುಮಾರು 243 ದಿನ. ಇಷ್ಟನ್ನೇ ನೋಡಿದರೆ ದಿನ ವರ್ಷಕ್ಕಿಂತ ಉದ್ದ, ಸರಿ. ಆದರೆ ದಿನ ಅಂದರೆ ನಾವು ಸಾಮಾನ್ಯವಾಗಿ ಏನಂದುಕೊಳ್ಳುತ್ತೇವೆ? ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗೆ ಅಲ್ವಾ? ಹಾಗೆ ಅಳೆದರೆ ಶುಕ್ರನ ದಿನ ನಮ್ಮ ಸುಮಾರು 117 ದಿನ ಮಾತ್ರ. ವರ್ಷದ ಅರ್ಧಕ್ಕಿಂತ ಚೂರು ಜಾಸ್ತಿ, ಅಷ್ಟೇ. ಕಾರಣ, ಶುಕ್ರ ಹೆಚ್ಚಿನ ಗ್ರಹಗಳಿಗೆ ತದ್ವಿರುದ್ಧವಾಗಿ ತಿರುಗುತ್ತದೆ. ಅಲ್ಲಿ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ. ತಿರುಗುವುದು ಒಂದು ದಿಕ್ಕು, ಸೂರ್ಯನ ಸುತ್ತ ಸಾಗುವುದು ಇನ್ನೊಂದು ದಿಕ್ಕು. ಎರಡೂ ಸೇರಿ ಮುಂದಿನ ಸೂರ್ಯೋದಯವನ್ನು ಬೇಗ ತಂದುಬಿಡುತ್ತವೆ. ಕಾಗದ ಪೆನ್ಸಿಲ್ ಹಿಡಿದು ಎರಡು ವೃತ್ತ ಬರೆದು, ಗ್ರಹದ ಮೇಲೆ ಒಬ್ಬ ಮನುಷ್ಯನನ್ನು ನಿಲ್ಲಿಸಿ ನೀವೇ ಲೆಕ್ಕ ಹಾಕಿ. 225ರಿಂದ ಮತ್ತು 243ರಿಂದ 117 ಹೇಗೆ ಬರುತ್ತದೆ ಎಂದು ಹೊಳೆಯುವಷ್ಟರಲ್ಲಿ ಫಲಿತಾಂಶ ನೋಡುವ ಹೊತ್ತು ದಾಟಿಹೋದರೂ ಹೋಗಬಹುದು. ನಾನು ಹೇಳಿದ ಮುಳುಗುವುದು ಅಂದರೆ ಇದೇ.

ಅದೇ ಬಾಲ ಹಿಡಿದು ಇನ್ನೂ ಮುಂದೆ ಹೋದರೆ ನಿಮ್ಮಂತೆಯೇ ಕಾದ ಒಬ್ಬ ಮನುಷ್ಯ ಸಿಗುತ್ತಾನೆ. ಗಿಯೋಮ್ ಲೆ ಜೆಂಟಿಲ್ ಎಂಬ ಫ್ರೆಂಚ್ ಖಗೋಳಜ್ಞ. ಶುಕ್ರ ಗ್ರಹ ಸೂರ್ಯನ ಮುಂದೆ ಚುಕ್ಕೆಯ ಹಾಗೆ ಹಾದುಹೋಗುವುದಕ್ಕೆ ಶುಕ್ರ ಸಂಕ್ರಮಣ ಅಂತಾರೆ. ಅದನ್ನು ಬೇರೆ ಬೇರೆ ಜಾಗಗಳಿಂದ ಅಳೆದರೆ ಸೂರ್ಯ ಎಷ್ಟು ದೂರ ಇದ್ದಾನೆ ಎಂದು ಲೆಕ್ಕ ಹಾಕಬಹುದಿತ್ತು. 1761ರ ಸಂಕ್ರಮಣವನ್ನು ಪಾಂಡಿಚೇರಿಯಿಂದ ನೋಡಲು ಲೆ ಜೆಂಟಿಲ್ 1760ರಲ್ಲೇ ಹಡಗು ಹತ್ತಿದ. ಯುದ್ಧ ನಡೆಯುತ್ತಿತ್ತು. ಇವನು ಮುಟ್ಟುವ ಮೊದಲೇ ಊರು ಬ್ರಿಟಿಷರ ಪಾಲಾಗಿತ್ತು. ಹಡಗು ವಾಪಸ್ ತಿರುಗಿತು. ಜೂನ್ 6ರಂದು ಆಕಾಶ ಶುಭ್ರವಾಗಿತ್ತು, ಆದರೆ ಇವನು ನಡುಸಮುದ್ರದಲ್ಲಿದ್ದ. ಓಲಾಡುವ ಹಡಗಿನ ಮೇಲಿಂದ ಲೆಕ್ಕಕ್ಕೆ ಬರುವಂಥ ಅಳತೆ ತೆಗೆಯಲು ಆಗಲಿಲ್ಲ. ಮುಂದಿನ ಸಂಕ್ರಮಣ ಎಂಟು ವರ್ಷಕ್ಕೆ. ಈತ ಊರಿಗೆ ಹೋಗಲಿಲ್ಲ, ಅಲ್ಲೇ ಕಾಯುತ್ತೇನೆ ಅಂದ.

ಆ ಎಂಟು ವರ್ಷದಲ್ಲಿ ಅವನು ಮಾಡಿದ್ದೇ ನಮಗೆ ಬೇಕಾದ್ದು. ಮಡಗಾಸ್ಕರಿನ ಪೂರ್ವ ಕರಾವಳಿಯ ನಕ್ಷೆ ಬರೆದ. ಗಾಳಿ, ಉಬ್ಬರವಿಳಿತ, ಗಿಡ, ಪ್ರಾಣಿ, ಜನರ ರೀತಿನೀತಿ, ಕಂಡದ್ದನ್ನೆಲ್ಲ ಬರೆದಿಟ್ಟ. 1766ರಲ್ಲಿ ಮನಿಲಾಕ್ಕೆ ಹೋದ. ಆಮೇಲೆ ಪಾಂಡಿಚೇರಿ ಮತ್ತೆ ಫ್ರೆಂಚರ ಕೈಗೆ ಬಂದಿದ್ದರಿಂದ ಅಲ್ಲಿಗೆ ಬಂದು ವೀಕ್ಷಣಾಲಯ ಕಟ್ಟಿಸಿದ. ಸ್ಥಳೀಯರು ಗ್ರಹಣ ಲೆಕ್ಕ ಹಾಕುವ ಪದ್ಧತಿಯನ್ನು ಕೂತು ಕಲಿತ. 1769ರ ಜೂನ್ 4ರ ಬೆಳಗ್ಗೆ ಸರಿಯಾಗಿ ಸಂಕ್ರಮಣದ ಹೊತ್ತಿಗೆ ಮೋಡ ಕವಿಯಿತು. ಎಲ್ಲ ಮುಗಿದ ಮೇಲೆ ಬಿಸಿಲು ಬಂತು. ಅವನು ಬಿಟ್ಟು ಬಂದಿದ್ದ ಮನಿಲಾದಲ್ಲಿ ಅದೇ ದಿನ ಆಕಾಶ ಶುಭ್ರವಾಗಿತ್ತಂತೆ. ಎರಡು ವಾರಕ್ಕೂ ಹೆಚ್ಚು ದಿನ ಡೈರಿ ಮುಂದುವರಿಸಲು ಲೇಖನಿ ಹಿಡಿಯುವ ಧೈರ್ಯವೇ ಬರಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. 1771ರಲ್ಲಿ ಊರು ಸೇರಿದಾಗ ಅವನು ಸತ್ತನೆಂದು ತಿಳಿದು ಆಸ್ತಿ ಹಂಚಿಕೊಳ್ಳಲು ಹೊರಟಿದ್ದರು. ಅವನ ಪ್ರಯಾಣದ ಬರಹ 1779 ಮತ್ತು 1781ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಬಂತು. ಕಾದದ್ದು ಕೈಗೆ ಸಿಗದಿದ್ದರೂ ಆ ಸಂಪುಟಗಳು ಉಳಿದವು. ಇದನ್ನು ನಿಮಗೆ ಸಮಾಧಾನ ಹೇಳಲು ತಂದದ್ದಲ್ಲ. ಅವನಿಗೇನೂ ಅದರಿಂದ ಸಮಾಧಾನ ಆದಂತೆ ಕಾಣುವುದಿಲ್ಲ.

ಈಗ ನೋಟ್‌ಬುಕ್ ಇಡುವ ಬಗೆ. ನಿಮ್ಮ ಹಾಗೆ ಎಲ್ಲವನ್ನೂ ಒಂದೇ ಪುಸ್ತಕಕ್ಕೆ ತುಂಬಿದವರಲ್ಲಿ ಜರ್ಮನಿಯ ಭೌತಶಾಸ್ತ್ರದ ಪ್ರೊಫೆಸರ್ ಲಿಖ್ಟೆನ್‌ಬರ್ಗ್ ಒಬ್ಬ. 1765ರ ಹೊತ್ತಿಗೆ ಶುರುಮಾಡಿ 1799ರಲ್ಲಿ ಸಾಯುವತನಕ ಬರೆದ. ವ್ಯಾಪಾರಿಗಳು ದಿನದ ವ್ಯವಹಾರವನ್ನು ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಬಂದ ಹಾಗೇ ಗೀಚಿ, ಆಮೇಲೆ ಅಚ್ಚುಕಟ್ಟಾಗಿ ಖಾತೆಗೆ ಏರಿಸುತ್ತಾರಲ್ಲ, ತನ್ನದು ಆ ಕಚ್ಚಾ ಪುಸ್ತಕ ಎಂದು ಹೇಳಿಕೊಂಡಿದ್ದ. ಅದರಲ್ಲಿ ವಿಜ್ಞಾನ, ಗೊಣಗಾಟ, ಜೋಕು ಎಲ್ಲ ಒಟ್ಟಿಗೇ ಇದೆ. ನೀವೂ ವಿಂಗಡಿಸಲು ಹೋಗಬೇಡಿ. ಬಣ್ಣದ ಪೆನ್ನು, ಬೇರೆ ಬೇರೆ ವಿಭಾಗ, ಚಂದದ ಶೀರ್ಷಿಕೆ ಇವೆಲ್ಲ ಒಂದು ವಾರ ನಡೆಯುತ್ತವೆ.

ಆದರೆ ಮೂರು ವಿಷಯ ಬಿಡಬೇಡಿ. ತಾರೀಖು. ಎಲ್ಲಿ ಓದಿದ್ದು ಎಂಬುದು, ಪುಟ ಸಂಖ್ಯೆ ಸಮೇತ. ಮತ್ತು ನಿಮ್ಮದೇ ಆದ ಒಂದು ಸಾಲು. ಮೊದಲ ಎರಡನ್ನು ಬಿಟ್ಟರೆ ಆರು ತಿಂಗಳ ಮೇಲೆ ಆ ತುಣುಕಿನ ಬೇರು ಸಿಗುವುದಿಲ್ಲ. ಮೂರನೆಯದನ್ನು ಬಿಟ್ಟರೆ ಅದು ಯಾರದೋ ಪುಸ್ತಕದ ನಕಲಾಗಿ ಉಳಿಯುತ್ತದೆ. ಒಂದು ತುಣುಕು ನಾನೇ ಕೊಡುತ್ತೇನೆ, ಅಭ್ಯಾಸಕ್ಕೆ. ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಎಂಬ ಸಸ್ಯಶಾಸ್ತ್ರಜ್ಞ 1879ರಲ್ಲಿ 20 ಬಾಟಲಿಗಳಲ್ಲಿ ಕಳೆಗಿಡಗಳ ಬೀಜ ತುಂಬಿ ಹೂತಿಟ್ಟ. ಮಣ್ಣಿನಡಿ ಬೀಜ ಎಷ್ಟು ವರ್ಷ ಜೀವ ಹಿಡಿದಿರುತ್ತದೆ ಎಂದು ತಿಳಿಯಬೇಕಿತ್ತು. ಮೊದಲು ಐದು ವರ್ಷಕ್ಕೊಂದು ಬಾಟಲಿ ತೆಗೆಯುತ್ತಿದ್ದರು, ಆಮೇಲೆ ಹತ್ತು ವರ್ಷಕ್ಕೆ, ಈಗ ಇಪ್ಪತ್ತು ವರ್ಷಕ್ಕೆ. 2021ರಲ್ಲಿ ಒಂದನ್ನು ತೆಗೆದರು. ಬೀಜಕ್ಕೆ ಬೆಳಕು ತಾಗಬಾರದೆಂದು ಕತ್ತಲಲ್ಲೇ ಅಗೆದರು. ಕೆಲವು ಬೀಜ ಮೊಳೆತವು. ಕೊನೆಯ ಬಾಟಲಿ 2100ಕ್ಕೆ. ಇದರ ಕೆಳಗೆ ನಿಮ್ಮ ಸಾಲು ಏನು? 'ಆಹಾ, ಎಂಥ ತಾಳ್ಮೆ' ಎಂದು ಬರೆದರೆ ಅದು ಯಾರು ಬೇಕಾದರೂ ಬರೆಯಬಹುದಾದ ಸಾಲು. 'ಬಾಟಲಿ ಹೂತ ಜಾಗ ಮರೆತುಹೋದರೆ?' ಎಂದು ಬರೆದರೆ ಮುಂದಿನ ಹುಡುಕಾಟಕ್ಕೆ ದಾರಿ ಸಿಕ್ಕಿತು.

ತುಣುಕು ಜಾಸ್ತಿಯಾದಾಗ ಹುಡುಕುವುದು ಕಷ್ಟವಾಗುತ್ತದೆ. ಇದಕ್ಕೆ ಜಾನ್ ಲಾಕ್ ಎಂಬ ತತ್ವಜ್ಞಾನಿ 1686ರಲ್ಲೇ ಒಂದು ಉಪಾಯ ಅಚ್ಚು ಹಾಕಿಸಿದ್ದ. ಪುಸ್ತಕದ ಶುರುವಿನಲ್ಲಿ ಎರಡು ಪುಟ ಸೂಚಿಗೆ ಬಿಡಬೇಕು. ಪ್ರತಿ ತುಣುಕಿಗೆ ಒಂದು ಪದದ ತಲೆಬರಹ. ಆ ಪದದ ಮೊದಲ ಅಕ್ಷರ ಮತ್ತು ಅದರ ನಂತರದ ಮೊದಲ ಸ್ವರ ನೋಡಿ, ಸೂಚಿಯಲ್ಲಿ ಆ ಮನೆಗೆ ಪುಟ ಸಂಖ್ಯೆ ಬರೆಯಬೇಕು. ಕನ್ನಡದಲ್ಲಿ ಇದು ಇನ್ನೂ ಸುಲಭ. ನಮ್ಮ ಅಕ್ಷರದೊಳಗೇ ವ್ಯಂಜನ, ಸ್ವರ ಎರಡೂ ಇವೆ. 'ಬೀಜ' ಅಂದರೆ ಬೀ, ಮುಗಿಯಿತು. ಕಾಗುಣಿತದ ಚೌಕಳಿ ಹಾಕಿ ಪುಟ ಸಂಖ್ಯೆ ತುಂಬುತ್ತ ಹೋಗಿ. ಸೂಚಿ ತುಂಬುವ ಕೆಲಸ ಮನಸ್ಸು ಯಾವುದಕ್ಕೂ ಬಾರದ ದಿನಗಳಿಗೆ ಇಟ್ಟುಕೊಳ್ಳಿ. ಕೈಗೆ ಕೆಲಸ, ತಲೆಗೆ ರಜೆ.

ದಿನ ಕಂಡದ್ದು, ಹೊಳೆದದ್ದು ಬರೆಯುತ್ತೀರಲ್ಲ, ಅದನ್ನು ನಿಲ್ಲಿಸಬೇಡಿ. ವಿಲಿಯಂ ಜೇಮ್ಸ್ ಎಂಬ ಮನಶ್ಶಾಸ್ತ್ರಜ್ಞ 1890ರಲ್ಲೇ ಒಂದು ಮಾತು ಹೇಳಿದ್ದರು. ಏನೂ ನಡೆಯದ ಕಾಲ ಕಳೆಯುವಾಗ ಉದ್ದ, ತಿರುಗಿ ನೋಡಿದಾಗ ಗಿಡ್ಡ. ಕಾಯುವ ತಿಂಗಳುಗಳು ಹಾಗೇ ನೆನಪಿನಿಂದ ಮಾಯವಾಗುತ್ತವೆ. ನಿಮ್ಮ ಎರಡು ಸಾಲಿನಿಂದ ಆ ದಿನಕ್ಕೆ ಒಂದು ಗುರುತು ಸಿಗುತ್ತದೆ. ಒಂದೇ ಷರತ್ತು. ಆ ಸಾಲುಗಳಲ್ಲಿ ಕಣ್ಣಿಗೆ ಕಂಡದ್ದು ಇರಲಿ. 'ಇವತ್ತೂ ಬೇಜಾರು' ಎಂದು ಬರೆದರೆ ಎಲ್ಲ ದಿನವೂ ಒಂದೇ ತರ ಕಾಣುತ್ತದೆ. ಬೇಜಾರನ್ನೇ ಬರೆಯಬೇಕು ಅನ್ನಿಸಿದರೆ ಬೇರೆ ಹಾಳೆ ತೆಗೆದುಕೊಳ್ಳಿ. ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ 4 ದಿನ ಮನಸ್ಸಿನ ನೋವನ್ನು ಬರೆದರು. ಬರೆದ ತಕ್ಷಣ ಅವರಿಗೆ ಇನ್ನಷ್ಟು ಬೇಸರವೇ ಆಯಿತು, ಆದರೆ ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋಗುವುದು ಕಡಿಮೆ ಆಯಿತು. ನಾಲ್ಕು ದಿನ ಸಾಕು. ದಿನಾ ಅದನ್ನೇ ಬರೆಯುತ್ತ ಕೂತರೆ ಅದೂ ಸುತ್ತುವ ಓದಿನ ಗುಂಪಿಗೆ ಸೇರುತ್ತದೆ. ನಿದ್ದೆ, ಊಟ ಎರಡು ವಾರ ಮೀರಿ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನ್ನಿಸುತ್ತಿದ್ದರೆ ನೋಟ್‌ಬುಕ್ ಬದಿಗಿಟ್ಟು ಡಾಕ್ಟರನ್ನೋ ಆಪ್ತಸಮಾಲೋಚಕರನ್ನೋ ಕೂಡಲೇ ನೋಡಿ.

ಮನೆಯವರ ಮಾತಿನಲ್ಲಿ ಅರ್ಧ ನ್ಯಾಯ ಇದೆ. ಮುಂದಿನ ಪರೀಕ್ಷೆಯ ಓದು ದಿನಕ್ಕೆ ಒಂದು ಗಂಟೆ ಇರಲಿ, ಅದರಲ್ಲೂ ನಿಮಗೆ ನಿಜವಾಗಿ ಕಷ್ಟವೆನಿಸುವ ಭಾಗ. ಮುಳುಗಲು ಅದೂ ಒಳ್ಳೆಯ ಜಾಗ. ಉಳಿದರ್ಧಕ್ಕೆ ಉತ್ತರ ಕೊಡಲು ಹೋಗಬೇಡಿ. ಅವರೂ ನಿಮ್ಮ ಜೊತೆಗೇ ಕಾಯುತ್ತಿದ್ದಾರೆ, ಕೈಯಲ್ಲಿ ನೋಟ್‌ಬುಕ್ ಇಲ್ಲದೆ. ಸಾಲಿನಲ್ಲಿ ನಿಂತು ಕಾಯುವವರ ಬಗ್ಗೆ 1985ರಲ್ಲಿ ಬರೆದ ಡೇವಿಡ್ ಮೈಸ್ಟರ್ ಪ್ರಕಾರ, ಗುಂಪಾಗಿ ಕಾಯುವುದಕ್ಕಿಂತ ಒಂಟಿಯಾಗಿ ಕಾಯುವುದು ಉದ್ದ ಅನ್ನಿಸುತ್ತದೆ. ಹಾಗಾಗಿ ಊಟದ ಹೊತ್ತಿಗೆ ದಿನಕ್ಕೊಂದು ತುಣುಕು ಹೇಳಿ. ಮೊದಲ ದಿನ ಶುಕ್ರನ 117 ದಿನದ ಲೆಕ್ಕ ಮುಂದಿಡಿ, 'ಅದು ಹೇಗೆ?' ಅಂತ ಯಾರಾದರೂ ಕೇಳಬಹುದು. ಕೇಳದಿದ್ದರೆ ಮಾರನೆಯ ದಿನ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಾನ್ ಮೇನ್‌ಸ್ಟೋನ್ ಕಥೆ ಹೇಳಿ. ಅಲ್ಲಿ 1927ರಿಂದ ಆಲಿಕೆಯೊಂದರಲ್ಲಿ ಡಾಂಬರಿನಂಥ ಗಟ್ಟಿ ವಸ್ತು ತುಂಬಿಟ್ಟಿದ್ದಾರೆ, ಹತ್ತಿರ ಹತ್ತಿರ ದಶಕಕ್ಕೊಂದು ಹನಿ ಬೀಳುತ್ತದೆ. 1961ರಿಂದ 2013ರಲ್ಲಿ ತೀರಿಹೋಗುವತನಕ ಮೇನ್‌ಸ್ಟೋನ್ ಅದನ್ನು ನೋಡಿಕೊಂಡರು. 1988ರಲ್ಲಿ ಕೆಲವೇ ನಿಮಿಷ ಆಚೆ ಹೋದಾಗ ಹನಿ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟರು, ಅದು ಕೈಕೊಟ್ಟಿತು. ಒಂದು ಹನಿಯೂ ಬೀಳುವುದನ್ನು ಅವರು ಕಣ್ಣಾರೆ ನೋಡಲಿಲ್ಲ. ಇದಕ್ಕೂ ಯಾರೂ ತಲೆ ಎತ್ತದಿದ್ದರೆ ಬಿಡಿ, ಊಟ ಮಾಡಿ.